ಚಿಕ್ಕಸ್ವಾಮಿ ನ್ಯೂಜಿಲೆಂಡಿನಿಂದ ಅರ್ಧಕ್ಕೆ ಬಂದದ್ದು

ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಬೂಕನಕೆರೆ ಕಡೆಯ ಹಾಲಿನ ಸೊಸೈಟಿಯೊಂದರ ಕಾರ್ಯದರ್ಶಿ ಶಿವಶಂಕರನ ಬೂಟಿನಡಿಯಲ್ಲಿ ಸಗಣಿ ಸಿಕ್ಕಿತು. "ಉಪ್ಪಿನಕಾಯಿ ತರಬ್ಯಾಡಿ, ಊರ ಮಾನ ಕಳೀಬ್ಯಾಡಿ" ಎಂದು ಹದಿನಾಲ್ಕು ಜನ ರೈತರಿಗೆ ದಾರಿಯುದ್ದಕ್ಕೂ ಪಾಠ ಹೇಳಿಕೊಂಡು ಬಂದವನು ಅವನೇ. ಹೊರಗಿನ ಸಗಣಿಯಿಂದ ತಮ್ಮ ಹಸುಗಳಿಗೆ ರೋಗ ಬಂದೀತೆಂದು ಆ ದೇಶದವರಿಗೆ ಭಯ. ಅಧಿಕಾರಿಯೊಬ್ಬಳು ಕೈಗವಸು ಹಾಕಿಕೊಂಡು ಬೂಟನ್ನು ಒಳಗೆ ಒಯ್ದಳು. ತೊಳೆದು ತರುವವರೆಗೆ ಶಿವಶಂಕರ ಹರಿದ ಕಾಲುಚೀಲದಿಂದ ಇಣುಕುತ್ತಿದ್ದ ಹೆಬ್ಬೆರಳನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡು ನಿಂತಿದ್ದ.

"ಯಾರ ಹಸೀದ್ಲಾ ಶಂಕ್ರ?" ಎಂದ ಸೊಸೈಟಿ ಅಧ್ಯಕ್ಷ ಚಿಕ್ಕಸ್ವಾಮಿ.

"ನಮ್ದೇ ಕಣಣ್ಣ."

"ಟಿಕೀಟಿಲ್ದೆ ಬಂದ್ಬುಟ್ಟದೆ."

ಚಿಕ್ಕಸ್ವಾಮಿ ಮಾತಾಡುವುದೇ ಅಷ್ಟು. ಅರವತ್ತೆರಡು ವರ್ಷ, ಎಂಟು ಹಸು. ಆ ಹದಿನೆಂಟು ದಿನದ ಹೈನುಗಾರಿಕೆ ಪ್ರವಾಸಕ್ಕೆ ಅವನು ಒಪ್ಪಿದ್ದೇ ಊರಿಗೆಲ್ಲ ಆಶ್ಚರ್ಯ. ಕಾರಣ ಶಿವಶಂಕರನಿಗೆ ಗೊತ್ತಿತ್ತು. ಪ್ರವಾಸದ ನಡುವೆ ಗೌರಿ ಹಬ್ಬ ಬರುತ್ತಿತ್ತು.

ಆರು ವರ್ಷದ ಹಿಂದೆ ಅಪ್ಪನ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವಾಗ ಚಿಕ್ಕಸ್ವಾಮಿ ದೇವಲಾಪುರಕ್ಕೆ ಕೊಟ್ಟ ತಂಗಿ ಪುಟ್ಟಗೌರಮ್ಮನ ಕೈಯಲ್ಲಿ "ಸುಮ್ನೆ ಒಂದು ಸೈನು" ಹಾಕಿಸಿದ್ದ. ಹಕ್ಕು ಬಿಟ್ಟುಕೊಡುವ ಪತ್ರ ಅದು ಎಂದು ಆಕೆಗೆ ಗೊತ್ತಾದದ್ದು ಆಮೇಲೆ. "ಕೇಳಿದ್ರೆ ನಾನೇ ಬಿಟ್ಕೊಡ್ತಿರ್ಲಿಲ್ವ? ಇನ್ನು ನಮ್ಮನೆ ಹೊಸ್ಲು ತುಳೀಬ್ಯಾಡ" ಎಂದಿದ್ದಳು. ಪತ್ರಕ್ಕೆ ಸಾಕ್ಷಿ ಸಹಿ ಹಾಕಿದ ಜಾಣ ಶಿವಶಂಕರ. ಬಿ.ಕಾಂ. ಓದಿದ್ದ, ಪತ್ರ ಮಾತ್ರ ಓದಿರಲಿಲ್ಲ.

ಗೌರಿ ಹಬ್ಬಕ್ಕೆ ಅಣ್ಣನಾದವನು ತಂಗಿಗೆ ಮೊರದ ಬಾಗಿನ ಕೊಡಲೇಬೇಕು. ಚಿಕ್ಕಸ್ವಾಮಿ ಒಂದು ವರ್ಷವೂ ತಪ್ಪಿಸಲಿಲ್ಲ. ದೇವಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಟೀ ಅಂಗಡಿ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು, ಯಾರದೋ ಕೈಯಲ್ಲಿ ಮೊರ ಕಳಿಸುತ್ತಿದ್ದ. ಅರ್ಧ ಗಂಟೆಗೆ ಅದೇ ಕೈಯಲ್ಲಿ ಮೊರ ವಾಪಸು ಬರುತ್ತಿತ್ತು. ಮುಂದಿನ ಬಸ್ಸಿಗೆ ಇವನೂ ವಾಪಸು. ಆರು ಹಬ್ಬ ಹೀಗೇ ಕಳೆದಿದ್ದವು.

ಪ್ರವಾಸದ ಏಳನೇ ದಿನ, ಹ್ಯಾಮಿಲ್ಟನ್ ಹತ್ತಿರದ ಹುಲ್ಲುಗಾವಲಿನಲ್ಲಿ ನಿಂತಿದ್ದಾಗ ಫೋನು ಬಂತು. ಪುಟ್ಟಗೌರಮ್ಮನ ಮಗಳು ಹೇಮಶ್ರೀ. ಚಿಕ್ಕಸ್ವಾಮಿಗೆ ಕಿವಿ ಮಂದ. ಶಿವಶಂಕರ ಸ್ಪೀಕರ್ ಹಾಕಿದ.

"ಮಾವ, ನೀವು ಕೋಟು ಹಾಕ್ಕಂಡು ಹಸಿನ ಪಕ್ಕ ನಿಂತಿರೋ ಫೋಟೊ ಅವ್ವಂಗೆ ತೋರಿಸ್ದೆ. 'ಕಡ್ಲು ದಾಟಕ್ಕೆ ಕಾಲು ಅವೆ, ಬಸ್‌ಸ್ಟ್ಯಾಂಡಿಂದ ಈಚೆಗೆ ಬರಕ್ಕೆ ಇಲ್ವ?' ಅಂದ್ಳು. ಈ ಗೌರಿಗೆ ನೀವೇ ಬಂದು ಕೊಟ್ರೆ ಈಸ್ಕತಾಳಂತೆ. ಇಲ್ದಿದ್ರೆ ತವ್ರು ಮುಗೀತು ಅನ್ಕಂಡು ಹಬ್ಬಾನೇ ಬುಟ್ಬುಡ್ತಾಳಂತೆ."

"ಹೊಸ್ಲು ತುಳೀಬ್ಯಾಡ ಅಂದೋಳು ಅವ್ಳೇ ಕಣವ್ವ."

"ಸಿಟ್ಟಲ್ಲಿ ಅಂದಿದ್ದನ್ನ ಆರು ವರ್ಸ ನಡ್ಸದ ಮಾವ?"

ಹಬ್ಬಕ್ಕೆ ಐದು ದಿನವಿತ್ತು. ಚಿಕ್ಕಸ್ವಾಮಿ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, "ವಾಪಸ್ ಹೋಗ್ಬೇಕು ಕಣ್ಲಾ" ಎಂದ.

ಪ್ರವಾಸ ನಡೆಸುತ್ತಿದ್ದ ರವೀಂದ್ರ ಬೆಚ್ಚಿಬಿದ್ದ. ಗುಂಪಿನ ಟಿಕೆಟ್ಟು ಬದಲಾಗುವುದಿಲ್ಲ, ಹೊಸದೇ ಕೊಳ್ಳಬೇಕು. ಇನ್ನು ಮೂರು ದಿನ ಸೀಟೇ ಇಲ್ಲ, ಆಮೇಲೆ ಹೊರಟರೆ ಬೆಂಗಳೂರಲ್ಲಿ ಇಳಿಯುವುದು ಹಬ್ಬದ ದಿನ ಬೆಳಿಗ್ಗೆಯೇ. "ವಿಡಿಯೊ ಕಾಲ್ ಮಾಡಿ ಕೊಟ್ಬಿಡಿ ಸಾರ್, ಈಗೆಲ್ಲ ಅದೇ."

"ಮೊರ ಹಿಡಿಸ್ತದ ಅದ್ರೊಳಕ್ಕೆ?" ಎಂದ ಚಿಕ್ಕಸ್ವಾಮಿ.

ಶಿವಶಂಕರನಿಗೆ ಬೇರೆ ಸಂಕಟ. ಹನ್ನೊಂದನೇ ದಿನ ಅವನು ಇಂಗ್ಲಿಷಿನಲ್ಲಿ ಭಾಷಣ ಮಾಡಬೇಕಿತ್ತು. ಬಚ್ಚಲಲ್ಲಿ ತಿಂಗಳುಗಟ್ಟಲೆ ಉರು ಹೊಡೆದಿದ್ದ; ಹೆಂಡತಿಗೂ ಬಾಯಿಪಾಠವಾಗಿತ್ತು. ಆದರೆ ಸಿಂಗಪುರದಲ್ಲಿ ವಿಮಾನ ಬದಲಿಸಬೇಕು. ಚಿಕ್ಕಸ್ವಾಮಿಯನ್ನು ಒಬ್ಬನನ್ನೇ ಬಿಟ್ಟರೆ ಕೆ.ಆರ್. ಪೇಟೆ ಬಸ್ಸು ಹತ್ತಿದಂತೆ ಮೊದಲು ನಿಂತಿದ್ದನ್ನು ಹತ್ತುತ್ತಿದ್ದ.

"ನೀನ್ಯಾಕ್ಲಾ ಬತ್ತೀಯ? ಭಾಷಣ ಮಾಡು ಓಗು."

"ಸಾಕ್ಷಿ ಸೈನ್ ನಂದಲ್ವೇನಣ್ಣ?"

ಚಿಕ್ಕಸ್ವಾಮಿ ತನ್ನ ಪಾಸ್‌ಪೋರ್ಟು ತೆಗೆದು ಅವನ ಕೈಗಿಟ್ಟ.

ಸಿಂಗಪುರದಲ್ಲಿ ವಿಮಾನ ಎರಡು ಗಂಟೆ ತಡ. ಚಿಕ್ಕಸ್ವಾಮಿ ಗಾಜಿನಾಚೆ ನೋಡುತ್ತ ಕೂತಿದ್ದವನು ಒಮ್ಮೆ ಮಾತ್ರ ಕೇಳಿದ: "ಬಾಗ್ಲು ಆಕ್ಕಬುಟ್ರೆ?" ಶಿವಶಂಕರ ಎದ್ದು ವಿಮಾನದ ವೇಳೆಯ ಫಲಕ ನೋಡಲು ಹೋದ.

ಬೆಂಗಳೂರಿನಿಂದ ಕಾರು. ನಾಗಮಂಗಲದಲ್ಲಿ ಮೊರ, ಬಳೆ, ಅರಿಶಿನ ಕುಂಕುಮ, ರವಿಕೆ ಕಣ ಕೊಂಡರು. ದೇವಲಾಪುರ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. "ಇಲ್ಲೇ ನಿಲ್ಸಪ್ಪ" ಎಂದು ಚಿಕ್ಕಸ್ವಾಮಿ ಬಸ್‌ಸ್ಟ್ಯಾಂಡಿನಲ್ಲೇ ಇಳಿದ. ಇಳಿದವನು ಕಲ್ಲುಬೆಂಚಿನ ಮೇಲೆ ಕೂತೇಬಿಟ್ಟ. ಟೀ ಅಂಗಡಿಯವನು ಕೇಳದೆಯೇ ಟೀ ತಂದಿಟ್ಟ. ಅದು ಕೆನೆಗಟ್ಟಿತು. ಕೈಯೊಡ್ಡಿದರೆ ತಾನೇ ಮೊರ ಕೊಂಡೊಯ್ಯಬೇಕಾದೀತೆಂದು ಶಿವಶಂಕರ ಎರಡೂ ಕೈ ಜೇಬಿಗಿಳಿಸಿ ನಿಂತ.

ಬಸ್ಸೊಂದು ಬಂದು ಹೋಯಿತು. ಚಿಕ್ಕಸ್ವಾಮಿ ಎದ್ದ.

ಪುಟ್ಟಗೌರಮ್ಮ ಬಾಗಿಲಲ್ಲೇ ನಿಂತಿದ್ದಳು. ಇನ್ನೂ ಊಟ ಮಾಡದ ಮುಖ. ಮೊದಲು ಕಂಡದ್ದು ಶಿವಶಂಕರ.

"ಇವನ್ಯಾಕೆ ಬಂದವ್ನೆ? ಇನ್ನೊಂದು ಸೈನ್ ಬೇಕಾಗಿತ್ತ?"

ಶಿವಶಂಕರ ಬೂಟು ಬಿಚ್ಚಲು ಬಗ್ಗಿದವನು ಮೇಲೇಳಲಿಲ್ಲ. ಚಿಕ್ಕಸ್ವಾಮಿ ಹೊಸ್ತಿಲಾಚೆಯೇ ಮೊರ ಹಿಡಿದು ನಿಂತ. ಮುಂದೆ ಚಾಚಿದಾಗ ಮೊರದೊಳಗೆ ಬಳೆಗಳು ಸದ್ದು ಮಾಡಿದವು. ಆಕೆ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಒಡ್ಡಲೂ ಇಲ್ಲ, ಬಿಡಲೂ ಇಲ್ಲ. ಒಂದು ಹಗಲು ಒಂದು ರಾತ್ರಿ ವಿಮಾನದಲ್ಲಿ ಕೂತು ಊದಿಕೊಂಡಿದ್ದ ಅವನ ಕಾಲುಗಳನ್ನೇ ನೋಡಿದಳು.

"ಎಲ್ಲಿಂದ ಬತ್ತಾ ಇದೀಯಣ್ಣ, ಇಂಗೆ ಕಾಲು ಊದಿಸ್ಕಂಡು?"

"ಬಸ್‌ಸ್ಟ್ಯಾಂಡಿಂದ" ಎಂದ ಚಿಕ್ಕಸ್ವಾಮಿ.