ಹೊಲಿಗೆ ಹೊರಗೆ, ಕೂಸು ಒಳಗೆ

ಹೊಲಿದು ಮುಗಿಸಿದ ಪ್ರತಿ ಅಂಗಿಯನ್ನೂ ಹಾಲಮ್ಮಕ್ಕ ತನ್ನ ಕೆನ್ನೆಗೆ ಉಜ್ಜಿ ನೋಡುತ್ತಿದ್ದಳು. ಕಣ್ಣು ಮುಚ್ಚಿ, ಮೊದಲು ಎಡಗೆನ್ನೆಗೆ, ಆಮೇಲೆ ಕಿವಿಯ ಕೆಳಗೆ. ದಾರದ ಒಂದು ಗಂಟು ಚುಚ್ಚಿದರೂ ಆ ಅಂಗಿ ಮತ್ತೆ ಮಿಷನ್ನಿಗೆ ಹೋಗುತ್ತಿತ್ತು.

"ಕೂಸಿಗೆ ಹೇಳಾಕೆ ಬಾಯಿಲ್ಲ ನೋಡವ್ವ. ಅತ್ರೆ ಹಸಿವು ಅಂತೀವಿ. ಕುತ್ತಿಗೆ ಕೆರೀತೈತೆ ಅಂತ ಯಾರಿಗೆ ಗೊತ್ತಾಗ್ತೈತೆ?"

ದಾವಣಗೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೂ ನನ್ನ ಗಂಡನೂ ಮಕ್ಕಳ ಬಟ್ಟೆ ಹೊಲಿಸಲು ಶುರುಮಾಡಿದಾಗ ನಮ್ಮಲ್ಲಿದ್ದದ್ದು ಮೂರು ಮಿಷನ್ನು ಮತ್ತು ನನ್ನ ಬಾಯಿ. ಬಣ್ಣ ಹಾಕದ ಹತ್ತಿ ಬಟ್ಟೆ, ಊರಿನವರದ್ದೇ ಕೈಕೆಲಸ, ಯಾರ ಹೊಟ್ಟೆಯ ಮೇಲೂ ಹೊಡೆಯದ ವ್ಯಾಪಾರ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ಹರಿಹರದ ಪಕ್ಕದ ಗುತ್ತೂರಿನಿಂದ ಬಸ್ಸಿಗೆ ಬರುತ್ತಿದ್ದ ಹಾಲಮ್ಮಕ್ಕ ಎಲ್ಲ ಕೇಳಿಸಿಕೊಂಡು, "ಮಾತು ಚಂದ ಐತೆ. ಮೊದ್ಲು ಆ ದಾರ ಕತ್ತರಿಸು" ಎನ್ನುತ್ತಿದ್ದಳು.

ಎಳೆಗೂಸಿನ ಅಂಗಿಗೆ ಅವಳದೇ ಒಂದು ಕ್ರಮವಿತ್ತು. ಗುಂಡಿ ಇಲ್ಲ, ಲಾಡಿ ಮಾತ್ರ. ಹೊಲಿಗೆಯ ಅಂಚು ಮೈಗೆ ತಾಗದಂತೆ ಹೊರಗೆ ಬರಬೇಕು. "ಹೊಲಿಗೆ ಹೊರಗೆ, ಕೂಸು ಒಳಗೆ" ಎಂದು ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಳು.

ನಮ್ಮಿಂದ ಖಾಯಂ ಆಗಿ ಬಟ್ಟೆ ಕೊಳ್ಳುತ್ತಿದ್ದದ್ದು ಪೇಟೆಯ ಒಂದೇ ಅಂಗಡಿ. ಅದರ ಮಾಲೀಕರು ಒಂದು ದಿನ ಇಡೀ ಗಂಟನ್ನೇ ವಾಪಸ್ ಕಳಿಸಿದರು. "ಏನ್ರಿ ಮೇಡಂ, ಎಲ್ಲಾ ಉಲ್ಟಾ ಹೊಲ್ಸೀರಿ? ಗಿರಾಕಿ ನಗ್ತಾರೆ."

ಉಲ್ಟಾ ಅಲ್ಲ ಎಂದು ಹೇಳಲು ನನಗೆ ಬಾಯೇ ಬರಲಿಲ್ಲ. ಆ ಅಂಗಡಿ ಕೈಬಿಟ್ಟರೆ ಮಿಷನ್ನುಗಳಿಗೆ ಬಟ್ಟೆ ಮುಚ್ಚಬೇಕಾಗುತ್ತದೆ ಎಂಬ ಹೆದರಿಕೆ. "ಇದೊಂದು ಸಲ ಹೊಲಿಗೆ ಒಳಗೆ ತಗೊಳ್ರಿ ಅಕ್ಕ" ಎಂದು ಹಾಲಮ್ಮಕ್ಕನಿಗೆ ಹೇಳಿದೆ.

ಅವಳು ಜಗಳವಾಡಲಿಲ್ಲ. ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು. "ಅಂಗಡಿಯವ್ರು ಹಾಕ್ಕಳಲ್ಲವ್ವ, ಕೂಸು ಹಾಕ್ಕಂತೈತೆ" ಎಂದು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಉಳಿದವರಿಂದ ನಾನೇ ಹೊಲಿಸಿ ಕಳಿಸಿದೆ.

ಕೆಲವು ವಾರಗಳ ಮೇಲೆ ಹದಡಿಯ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದಳು. ಮಗುವಿನ ಕಂಕುಳು ಕೆಂಪಗೆ ತರಚಿತ್ತು. ಅವಳು ಬೈಯಲಿಲ್ಲ, ಅಂಗಿಯನ್ನು ನನ್ನ ಕೈಗೆ ಕೊಟ್ಟಳು ಅಷ್ಟೆ. ಅವತ್ತು ಪಟ್ಟಷ್ಟು ನಾಚಿಕೆಯನ್ನು ನಾನು ಮತ್ತೆಂದೂ ಪಟ್ಟಿಲ್ಲ. ಅದೇ ಸಂಜೆ ಗುತ್ತೂರಿಗೆ ಹೋದೆ. ನಡೆದದ್ದನ್ನು ಹೇಳಿ ತಲೆ ತಗ್ಗಿಸಿ ನಿಂತೆ. ಹಾಲಮ್ಮಕ್ಕ ಕೇಳಿದ್ದು ಒಂದೇ ಮಾತು: "ಕೂಸು ಈಗ ಹೆಂಗೈತೆ?"

ಮರುದಿನ ಕತ್ತರಿಯೊಂದಿಗೆ ಬಂದಳು. ಹೊಲಿಗೆ ಮತ್ತೆ ಹೊರಗೆ ಬಂತು, ಆ ಅಂಗಡಿ ಕೈತಪ್ಪಿತು. ಒಂದು ವರ್ಷ ಕಷ್ಟದಲ್ಲೇ ಕಳೆಯಿತು. ಆಮೇಲೆ ಬಾಣಂತಿಯರ ಮನೆಯವರೇ ಒಬ್ಬರಿಂದೊಬ್ಬರು ಕೇಳಿ ತಿಳಿದು ಬರತೊಡಗಿದರು.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಕಾಯಿಲೆಗೆ ಚರ್ಮ ತೆಳುವಾಗಿ, ರವಿಕೆ ತಾಗಿದರೂ ಉರಿ ಎನ್ನುತ್ತಿದ್ದಾಳೆಂದು ಸೊಸೆ ಫೋನು ಮಾಡಿದ್ದಳು. ನಾನೇ ಕೂತು ಒಂದು ಸಡಿಲ ಅಂಗಿ ಹೊಲಿದೆ. ಕೂಸಿನ ಅಂಗಿಯದೇ ಬಟ್ಟೆ, ಲಾಡಿ, ಹೊರಗೆ ಹೊಲಿಗೆ. ಅವಳು ಅದನ್ನು ಎತ್ತಿ, ಕಣ್ಣು ಮುಚ್ಚಿ, ಎಡಗೆನ್ನೆಗೆ ಉಜ್ಜಿದಳು. ಆಮೇಲೆ ಕಿವಿಯ ಕೆಳಗೆ.

"ಕಂಕುಳತ್ರ ಒಂದು ಗಂಟೈತೆ" ಎಂದು ನಕ್ಕಳು. "ಬಿಚ್ಚಿ ತಗಂಬಾ."

"ನಾಳೆ ಬೆಳಗ್ಗೇನೇ ತರ್ತೀನಿ ಅಕ್ಕ."

ಹಾಗೇ ತೊಡಿಸಿ ಬರಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಮರುದಿನ ಗುತ್ತೂರಿನಲ್ಲಿ ಬಸ್ಸಿಳಿದಾಗ ಅವಳ ಮನೆಯ ಮುಂದೆ ಜನ ಸೇರಿದ್ದರು.

ಮೈ ತೊಳೆದ ಮೇಲೆ ಸೊಸೆಯೂ ನಾನೂ ಸೇರಿ ಅವಳಿಗೆ ಗಂಟು ಬಿಚ್ಚಿ ತಂದಿದ್ದ ಆ ಅಂಗಿಯನ್ನೇ ತೊಡಿಸಿ ಲಾಡಿ ಕಟ್ಟಿದೆವು. ನೋಡಲು ಬಂದಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, "ಅಂಗಿ ಉಲ್ಟಾ ಹಾಕೀರಲ್ಲವ್ವ" ಎಂದರು.

"ಉಲ್ಟಾ ಅಲ್ರಿ" ಎಂದೆ. "ಸರಿಯಾಗೇ ಐತೆ."