ಬಾಯಮ್ಮನ ಸಾಸಿವೆ ದಿಂಬು

ಹೋದ ಶುಕ್ರವಾರ ಕಪಾಟಿನ ಮೇಲಿದ್ದ ದೊಡ್ಡ ಸೂಟ್‌ಕೇಸ್ ಇಳಿಸಿ ತೆರೆದರೆ ಅದರೊಳಗಿಂದ ಒಂದು ಪುಟ್ಟ ದಿಂಬು ಜಾರಿ ಬಿತ್ತು. ಹೊಲಿಗೆ ಬಿಚ್ಚಿಕೊಂಡು ಹಾಲ್ ತುಂಬ ಸಾಸಿವೆ. ಹಳೇ ಸಾಸಿವೆಗೆ ಒಂದು ಕಮಟು ವಾಸನೆ ಇರುತ್ತದೆ. ಅದರ ಜೊತೆ ಕೊಬ್ಬರಿ ಎಣ್ಣೆ, ಮಗುವಿನ ತಲೆಯ ಬೆವರು... ನಾನು ಪೊರಕೆ ಹಿಡಿದು ಸುಮ್ಮನೆ ನಿಂತುಬಿಟ್ಟೆ.

“ಅಮ್ಮಾ, ವಾಟ್ ಈಸ್ ದಿಸ್? ಪಿಲ್ಲೋ ಒಳಗೆ ಯಾರಾದ್ರೂ ಸೀಡ್ಸ್ ಹಾಕ್ತಾರಾ?” ಎಂದು ಏಳು ವರ್ಷದ ಮಗ ಓಡಿಬಂದ.

“ಸುಮ್ನೆ ಆ ಕಡೆ ಹೋಗೋ!” ಎಂದು ಗದರಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ.

ಆ ದಿಂಬು ಹೊಲಿದವರು ಇಲ್ಲಿ ಗಲ್ಫಿನಲ್ಲಿ, ಹೂರಾ ಬಡಾವಣೆಯ ನಮ್ಮ ಹಳೇ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿದ್ದ ಬಾಯಮ್ಮ. ಉಡುಪಿಯ ಕಡೆಯವರು. ಅಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದುಂಟಂತೆ. ನಮ್ಮ ಬಿಲ್ಡಿಂಗಿನ ಮಲಯಾಳಿಗಳು, ಪಾಕಿಸ್ತಾನಿಗಳು ಕೂಡ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು. ಗಂಡ ಮೀನಾ ಸಲ್ಮಾನ್ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್. ಇವರು ಗಂಡನ ವೀಸಾದ ಮೇಲೆ ಬಂದವರಾದ್ದರಿಂದ ಕೆಲಸ ಮಾಡುವಂತಿರಲಿಲ್ಲ. ಆದರೂ ಮಾಡುತ್ತಿದ್ದರು. ಬೆಳಗಿನ ಪಾಳಿಯ ನರ್ಸುಗಳು, ನನ್ನಂಥ ಆಫೀಸಿನವರು ಮಕ್ಕಳನ್ನು ಅವರ ಮಡಿಲಿಗೆ ಹಾಕಿ ಓಡುತ್ತಿದ್ದೆವು. ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿ ಬಿಡದ ವ್ಯವಸ್ಥೆ ಅದು.

ಮಗನನ್ನು ಮೊದಲ ಸಲ ಬಿಟ್ಟು ಹೋದಾಗ ಅವನಿಗೆ ಎರಡೂವರೆ ತಿಂಗಳು. ನಾನು ಮೆಟ್ಟಿಲ ಮೇಲೆ ನಿಂತು ಅತ್ತೆ. “ಎಂತ ಮಾರಾಯ್ರೆ, ಮಗುವಿಗಿಂತ ನೀವೇ ಜಾಸ್ತಿ ಕೂಗುದಲ್ಲ! ಆಫೀಸು ನೀವು ನೋಡಿ, ಇವನನ್ನು ನಂಗೆ ಬಿಡಿ” ಎಂದರು ಬಾಯಮ್ಮ. ವಾರದೊಳಗೆ ತಮ್ಮದೇ ಹಳೇ ನೈಟಿ ಹರಿದು ಹಸಿರು ಗೀರಿನ ಸಾಸಿವೆ ದಿಂಬು ಹೊಲಿದಿದ್ದರು, ತಲೆ ಗುಂಡಗಾಗಲಿ ಎಂದು. ಅವರ ಮನೆಯಲ್ಲಿ ಪ್ರತಿ ಮಗುವಿಗೂ ಒಂದೊಂದು ದಿಂಬು, ಒಂದೊಂದು ಬಣ್ಣ. ಯಾವ ದಿಂಬು ಯಾರದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು.

ಒಂದು ಸಂಜೆ ಮಗ ನಮ್ಮ ಮನೆಯಲ್ಲಿ ಸೋಫಾ ಬಿಟ್ಟು ಮೂರು ಹೆಜ್ಜೆ ನಡೆದ. ನಾನು ಕುಣಿದಾಡಿ ಓಡಿಹೋಗಿ ಬಾಯಮ್ಮನಿಗೆ ಹೇಳಿದೆ. “ಹೌದಾ! ನಂಗೂ ತೋರಿಸು ಮಗಾ!” ಎಂದು ಅವರೂ ಕುಣಿದರು. ಅವನು ನಾಲ್ಕು ದಿನದಿಂದ ಅವರ ಮನೆಯಲ್ಲಿ ನಡೆಯುತ್ತಿದ್ದ ಎಂದು ಆಮೇಲೆ, ಸ್ಕೂಲು ಮುಗಿಸಿ ಅಲ್ಲಿಗೇ ಬರುತ್ತಿದ್ದ ನನ್ನ ಮಗಳು, ಅವನ ಅಕ್ಕ, ಹೇಳಿದಳು. ಮೊದಲ ಹೆಜ್ಜೆಯನ್ನು ಅಮ್ಮನೇ ನೋಡಿದಳು ಅಂತಾಗಲಿ ಎಂದು ಈ ಹೆಂಗಸು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಇದನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಮಗನಿಗೆ ಒಂದೂವರೆ ತುಂಬಿದಾಗ ನನ್ನ ಗಂಡನ ಕಂಪನಿ ಅವರನ್ನು ಕೋಪನ್‌ಹೇಗನ್ನಿಗೆ ಕಳಿಸಿತು. ಆರು ತಿಂಗಳು ದಾಟಿದರೆ ಇಲ್ಲಿನ ವೀಸಾಕ್ಕೆ ತೊಂದರೆ ಎಂದು ಐದು ತಿಂಗಳಿಗೆ ನಿಗದಿಯಾಯಿತು. ನಾನು ಸಂಬಳವಿಲ್ಲದ ರಜೆ ಹಾಕಿ ಎರಡೂ ಮಕ್ಕಳನ್ನು ಕಟ್ಟಿಕೊಂಡು ಹೋದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲೆ. ಹೊರಗೆ ಹೊರಡಬೇಕೆಂದರೆ ಮಗಳಿಗೆ ಐದು ಪದರ, ಮಗನಿಗೆ ಐದು ಪದರ. ಅಷ್ಟೂ ತೊಡಿಸಿ ಮುಗಿಸುವಾಗ ಒಬ್ಬರಿಗೆ ಉಚ್ಚೆ ಬರುತ್ತಿತ್ತು. ಮಗ ರಾತ್ರಿ ಹಗಲೆನ್ನದೆ “ಬಾಯಮ್ಮ, ಬಾಯಮ್ಮ” ಎಂದು ಅತ್ತ. ಗುರುತಿದ್ದ ಒಂದೇ ಒಂದು ವಸ್ತು ಆ ದಿಂಬು; ಅದಿಲ್ಲದೆ ಕಣ್ಣು ಮುಚ್ಚುತ್ತಿರಲಿಲ್ಲ.

ಕಂಪನಿಯವರೇ ಒಂದು ಶಿಶುವಿಹಾರ ಗೊತ್ತು ಮಾಡಿದರು. ಅಲ್ಲಿಯ ಟೀಚರ್ ಬಲು ಮೃದು ಮಾತಿನವಳು. ಎರಡನೇ ದಿನ ದಿಂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಗೆ ಕೊಟ್ಟಳು. ಇಷ್ಟು ಚಿಕ್ಕ ಮಕ್ಕಳಿಗೆ ದಿಂಬು ಒಳ್ಳೆಯದಲ್ಲವಂತೆ, ಒಳಗೆ ಕಾಳು ತುಂಬಿದ್ದಂತೂ ಇನ್ನೂ ಅಪಾಯವಂತೆ. ನಕ್ಕುಕೊಂಡೇ ಹೇಳಿದಳು. ಆಮೇಲೆ ನನ್ನ ಮಗನನ್ನು ದಪ್ಪ ಚೀಲದಂಥದ್ದರಲ್ಲಿ ತೂರಿಸಿ, ತಳ್ಳುಗಾಡಿಯಲ್ಲಿ ಮಲಗಿಸಿ, ಆ ಗಾಡಿಯನ್ನು ಅಂಗಳದ ಚಳಿಯಲ್ಲಿ ನಿಲ್ಲಿಸಿದಳು! ಮರದ ಕೆಳಗೆ ಗಾಡಿಗಳ ಸಾಲು, ಒಳಗೆ ಮಕ್ಕಳು, ನೆಲದ ಮೇಲೆ ಹಿಮ. ನಾನು ಬೇಲಿಯಾಚೆ ನಿಂತು ಅವಳಿಗೆ ಕನ್ನಡದಲ್ಲಿ ಹಿಡಿ ಶಾಪ ಹಾಕಿದೆ.

ಎರಡು ತಿಂಗಳು, ಅಷ್ಟೇ. ಅಷ್ಟರಲ್ಲಿ ನಾನು ಪಕ್ಷಾಂತರ ಮಾಡಿದ್ದೆ. ಅದೇ ತಳ್ಳುಗಾಡಿಗಳ ಫೋಟೋ ತೆಗೆದು “ಎಂಥ ಶಿಸ್ತು, ಎಂಥ ಆರೋಗ್ಯ” ಎಂದು ದಾವಣಗೆರೆಯ ಅಕ್ಕ ತಂಗಿಯರಿಗೆಲ್ಲ ಕಳಿಸಿದೆ. ಪ್ರತಿ ಮಗುವಿಗೆ ಬೇರೆ ಹಾಸಿಗೆ, ಬೇರೆ ಕೊಕ್ಕೆ, ಬೇರೆ ಟವೆಲ್ಲು! ಥೂ, ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಹಿಮದಲ್ಲಿ ಮಲಗಿಸಿದರೆ ವಿಜ್ಞಾನ, ಸಾಸಿವೆ ದಿಂಬಿನ ಮೇಲೆ ಮಲಗಿಸಿದರೆ ಅಪಾಯ. ಅದನ್ನು ನಾನು, ಓದಿದವಳು, ತಲೆದೂಗಿ ಒಪ್ಪಿಕೊಂಡೆ.

ಫೆಬ್ರವರಿಯಲ್ಲಿ ವಾಪಸು ಬಂದಾಗ ನನಗೆ ಕೊಂಬು ಮೂಡಿತ್ತು. ಮತ್ತೆ ಕೆಲಸ, ಮತ್ತೆ ಮಕ್ಕಳು, ಜೊತೆಗೆ ಆ ದಿಂಬು, ಬಾಯಮ್ಮನ ಮನೆಗೆ. ನನ್ನ ಕೆಲಸ ಆಡಿಟ್ ವಿಭಾಗದಲ್ಲಿ. ಎಲ್ಲಿ ಹೋದರೂ ಲೋಪ ಹುಡುಕುವುದು, ಅದನ್ನು ಅಂಶ ಒಂದು, ಅಂಶ ಎರಡು ಎಂದು ಬರೆಯುವುದು ನನ್ನ ಹೊಟ್ಟೆಪಾಡು. ಒಂದು ಮಧ್ಯಾಹ್ನ ಬೇಗ ಬಂದೆ. ಮಗಳಿನ್ನೂ ಸ್ಕೂಲಿನಲ್ಲಿದ್ದಳು. ಒಂದೇ ದೊಡ್ಡ ಹಾಸಿಗೆಯಲ್ಲಿ ಆರು ಮಕ್ಕಳು ಅಡ್ಡಾದಿಡ್ಡಿ ಮಲಗಿದ್ದವು. ಬಾಯಮ್ಮ ಅಡಿಗೆಮನೆಯಲ್ಲಿದ್ದರು. ನಾನು ನನ್ನ ಮಗನನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋಟೋ ತೆಗೆದೆ. ನನ್ನ ಮಗನ ಮುಖ ಊರೆಲ್ಲ ಓಡಾಡಬಾರದಲ್ಲ! ಬೇರೆಯವರ ಮಕ್ಕಳದ್ದಾದರೆ ಓಡಾಡಬಹುದು.

ಆ ಸಂಜೆ ಇಲ್ಲಿಯ ತಾಯಂದಿರ ಒಂದು ದೊಡ್ಡ ಆನ್‌ಲೈನ್ ಗುಂಪಿನಲ್ಲಿ ಬರೆದೆ. ಅಂಶ ಒಂದು, ಒಂದೇ ಹಾಸಿಗೆ. ಅಂಶ ಎರಡು, ನೋಡಿಕೊಳ್ಳಲು ಒಬ್ಬರೇ. ಅಂಶ ಮೂರು, ಕಾಳು ತುಂಬಿದ ದಿಂಬು. ಯುರೋಪಿನಲ್ಲಿ ಹೀಗಲ್ಲ ಎಂದು ಉದ್ದಕ್ಕೆ ಕೊರೆದು ಫೋಟೋ ಅಂಟಿಸಿದೆ. ಬಾಯಮ್ಮನ ಹೆಸರು ಹಾಕಲಿಲ್ಲ, ಬಿಲ್ಡಿಂಗಿನ ಹೆಸರೂ ಹಾಕಲಿಲ್ಲ, ನನ್ನ ಹೆಸರೂ ಹಾಕಲಿಲ್ಲ. ಆ ಗುಂಪಿನಲ್ಲಿ ಹೆಸರಿಲ್ಲದೆ ಬರೆಯುವ ಸೌಕರ್ಯವಿತ್ತು. ಆಫೀಸಿನಲ್ಲಿ ಸಹಿಯಿಲ್ಲದ ವರದಿಯನ್ನು ನಾನು ಕೈಯಲ್ಲಿ ಮುಟ್ಟುವುದಿಲ್ಲ. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೇಳಬೇಕಿದ್ದರೆ ಅಡಿಗೆಮನೆಗೆ ಹೋಗಿ, “ಬಾಯಮ್ಮ, ಇನ್ನೊಂದು ಹಾಸಿಗೆ ಹಾಕಿಸೋಣ” ಎನ್ನಬಹುದಿತ್ತು. ನಾಲ್ಕು ಹೆಜ್ಜೆ ದೂರ.

ಫೋಟೋದ ಕಿಟಕಿಯಾಚೆ ಎದುರಿನ ಅಂಗಡಿಯ ಬೋರ್ಡು ಸ್ಪಷ್ಟವಾಗಿ ಕಾಣುತ್ತಿತ್ತು. ಯಾರು ಗುರುತಿಸಿದರೋ, ಯಾರು ದೂರು ಕೊಟ್ಟರೋ... ಹತ್ತು ದಿನಕ್ಕೆ ಇಬ್ಬರು ಅಧಿಕಾರಿಗಳು ಬಂದರು. ಮರುದಿನದಿಂದ ಬಾಯಮ್ಮನ ಮನೆ ಬಂದ್. ಬಾಯಮ್ಮನ ವೀಸಾ ಉಳಿಯುವುದೋ ಹೋಗುವುದೋ ಎನ್ನುವ ಸ್ಥಿತಿ. ಕೆಳಗಿನ ಮನೆಯ ನರ್ಸ್ ಒಬ್ಬಳು ಮಗುವನ್ನು ಬಿಡಲು ಜಾಗವಿಲ್ಲದೆ ಕೆಲಸವನ್ನೇ ಬಿಟ್ಟಳು. ನಾನು? ನಾನು ಅತ್ತೆಯನ್ನು ಊರಿಂದ ಕರೆಸಿಕೊಂಡೆ.

ಬಾಯಮ್ಮ ನನ್ನ ಮನೆಗೆ ಬಂದರು. ಕೈಯಲ್ಲಿ ಅರೇಬಿಕ್ ಕಾಗದ. “ಇದಕ್ಕೆ ಉತ್ತರ ಕೊಡ್ಲಿಕ್ಕುಂಟಂತೆ. ನಿಮ್ಮ ಇಂಗ್ಲಿಷ್ ಚಂದ ಅಲ್ವಾ, ಸ್ವಲ್ಪ ಬರ್ದು ಕೊಡಿ” ಎಂದರು. ಆಮೇಲೆ ಯಾರೋ ಕಳಿಸಿದ್ದ ಆ ಫೋಟೋವನ್ನು ಫೋನಿನಲ್ಲಿ ತೆರೆದು, ಎರಡು ಬೆರಳಲ್ಲಿ ದೊಡ್ಡದು ಮಾಡಿ ನನ್ನ ಮುಂದೆ ಹಿಡಿದರು.

“ನೋಡಿ, ಎಷ್ಟು ಚಂದ ಮಲಗಿದ್ದಾವೆ ಮಕ್ಕಳು...”

ನಾನು ಅವರ ಕೈಯಿಂದ ಕಾಗದ ಇಸಿದುಕೊಂಡೆ. ಕಂಪ್ಯೂಟರ್ ತೆರೆದು ಒಂದೂವರೆ ಗಂಟೆ ಕೂತು ಬರೆದೆ. ಈಕೆ ನೆರೆಯ ಮಕ್ಕಳನ್ನು ಪ್ರೀತಿಗಾಗಿ ನೋಡಿಕೊಳ್ಳುತ್ತಾರೆ, ದಯವಿಟ್ಟು ಮನ್ನಿಸಿ ಎಂದು. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಏನೂ ಪ್ರಯೋಜನವಾಗಲಿಲ್ಲ. ವೀಸಾ ರದ್ದಾಯಿತು. ಗಂಡ ಮನೆ ಖಾಲಿ ಮಾಡಿ ಮೀನಾ ಸಲ್ಮಾನಿನ ಕಾರ್ಮಿಕರ ಕ್ಯಾಂಪಿಗೆ ಹೋದರು. ಇಪ್ಪತ್ತು ವರ್ಷ ಜೊತೆಗೆ ಸಂಸಾರ ಮಾಡಿದ ಗಂಡ ಹೆಂಡತಿ, ಒಬ್ಬರಿಲ್ಲಿ, ಒಬ್ಬರಲ್ಲಿ.

ಹೊರಡುವ ದಿನ ಮುಹರ್ರಕ್‌ನ ಏರ್‌ಪೋರ್ಟಿಗೆ ನಾನೇ ಕಾರಿನಲ್ಲಿ ಬಿಟ್ಟೆ. ದಾರಿಯುದ್ದಕ್ಕೂ ಹೇಳಿಬಿಡಬೇಕು, ಹೇಳಿಬಿಡಬೇಕು ಎಂದುಕೊಂಡೆ. ಸೇತುವೆ ದಾಟಿತು, ಬಾಯಿ ಬರಲಿಲ್ಲ. ಇಳಿದ ಮೇಲೆ ಬಾಯಮ್ಮ ಚೀಲದಿಂದ ಆ ಹಸಿರು ಗೀರಿನ ದಿಂಬು ತೆಗೆದು ನನ್ನ ಕೈಗಿಟ್ಟರು.

“ಇದು ನಿಮ್ಮ ಮಗನದ್ದು. ಫೋಟೋದಲ್ಲಿ ಖಾಲಿ ಉಂಟಲ್ಲ, ಅದೇ.”

ಅಷ್ಟೇ ಹೇಳಿದ್ದು. ನನ್ನ ಕೆನ್ನೆ ತಟ್ಟಿ, ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು. ಆರು ದಿಂಬು, ಐದು ತಲೆ. ಯಾವ ದಿಂಬು ಯಾರದೆಂದು ಕಣ್ಣು ಮುಚ್ಚಿ ಹೇಳುವವರಿಗೆ ಅದನ್ನು ನೋಡಿದ ಕೂಡಲೇ ಗೊತ್ತಾಗಿತ್ತು. ಗೊತ್ತಿದ್ದೇ ನನ್ನ ಮನೆಗೆ ಬಂದಿದ್ದರು. ಗೊತ್ತಿದ್ದೇ ನನ್ನ ಕೈಯಲ್ಲೇ ಕಾಗದ ಬರೆಸಿದ್ದರು. ಲೋಪ ಹುಡುಕಿ ಸಂಬಳ ತಗೊಳ್ಳುವ ನನಗೆ ನನ್ನದೇ ಫೋಟೋದಲ್ಲಿ ಅದು ಕಂಡಿರಲಿಲ್ಲ.

ಆಮೇಲೆ ನಾನು ಫೋನ್ ಮಾಡಲಿಲ್ಲ. ನಂಬರು ಒತ್ತುವುದು, ರಿಂಗ್ ಆಗುವ ಮೊದಲೇ ಕತ್ತರಿಸುವುದು. ಹೀಗೆ ಐದು ವರ್ಷ! ಈ ಸೂಟ್‌ಕೇಸ್ ಇಳಿಸುವ ಎರಡು ದಿನ ಮೊದಲು ಆ ಕೆಳಗಿನ ಮನೆಯ ನರ್ಸ್ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕಳು. ಬಾಯಮ್ಮ ಹೋದ ವರ್ಷವೇ ತೀರಿಕೊಂಡರಂತೆ. ಗಂಡ ಇಲ್ಲಿಂದ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಅವಳು ಇದನ್ನು ಹೇಳಿ ಈರುಳ್ಳಿ ಆರಿಸಲು ಹೋದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಬಾಯಮ್ಮನ ಮೇಲೂ ಬಂತು. ಅವತ್ತು ಏರ್‌ಪೋರ್ಟಿನಲ್ಲಿ ನಾಲ್ಕು ಜನರೆದುರು ಛೀಮಾರಿ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಬೈಸಿಕೊಂಡಿದ್ದ ಮಗ ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ನೆಲದ ಮೇಲೆ ಕೂತು ನನ್ನ ಜೊತೆ ಸಾಸಿವೆ ಒಟ್ಟು ಮಾಡತೊಡಗಿದ. “ನಿನ್ನ ದಿಂಬೇ ಇದು. ಬಾಯಮ್ಮ ಹೊಲಿದದ್ದು” ಎಂದೆ.

“ಹೂ ಈಸ್ ಬಾಯಮ್ಮ?”

ಕೋಪನ್‌ಹೇಗನ್ನಿನಲ್ಲಿ ಆ ಹೆಸರು ಕೂಗಿ ಗಂಟಲು ಹರಿದುಕೊಂಡವನು ಇವನೇ. ನಾನು ಹೇಳಿದೆ. ಮೊದಲ ಹೆಜ್ಜೆಯಿಂದ ಹಿಡಿದು ಎಲ್ಲ ಹೇಳಿದೆ. ಫೋಟೋದ ವಿಷಯಕ್ಕೆ ಬಂದಾಗ ಅವನು ತಲೆ ಎತ್ತಿದ.

“ಆ ಫೋಟೋ ಯಾರು ತೆಗ್ದಿದ್ದು?”

“ನಾನು.” ಈ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

ಅವನು ಅಂಗೈಯಲ್ಲಿದ್ದ ಸಾಸಿವೆಯನ್ನು ಬಟ್ಟಲಿಗೆ ಸುರಿದು ಕೇಳಿದ. “ಮತ್ತೆ ಅವ್ರು ನಿಂಗೆ ಬೈದ್ರಾ?”

“ಇಲ್ಲ ಕಣೋ” ಎಂದೆ. “ಬೈಯಲೇ ಇಲ್ಲ.”