ಹನ್ನೆರಡರಿಂದ ನಾಲ್ಕು

ಮಗಳು ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಓದುತ್ತಿದ್ದಳು. ಡಿಸೆಂಬರ್‌ನಲ್ಲಿ ಹೋಗಿ ಹ್ಯಾಂಪ್‌ಶೈರ್, ವಿಲ್ಟ್‌ಶೈರ್‌ಗಳ ಹಳೆಯ ಕೋಟೆ, ಚರ್ಚುಗಳನ್ನು ದಿನಕ್ಕೊಂದರಂತೆ ನೋಡಬೇಕೆಂದು ನನ್ನ ಹೆಂಡತಿ ಮೆಲಾಕಾದ ಮನೆಯಲ್ಲಿ ಕೂತು ಪಟ್ಟಿ ಬರೆದಿದ್ದಳು. ಬೆಳಗ್ಗೆ ಏಳಕ್ಕೆ ಹೊರಡುವುದು, ಹನ್ನೆರಡರಿಂದ ನಾಲ್ಕರವರೆಗೆ ರೂಮಿನಲ್ಲಿ ಮಲಗುವುದು, ಬಿಸಿಲಿಳಿದ ಮೇಲೆ ಮತ್ತೆ ಸುತ್ತುವುದು. ಇಪ್ಪತ್ತು ವರ್ಷ ಮಲೇಷ್ಯಾದ ಬಿಸಿಲು ಕಂಡವಳಿಗೆ ಬೇರೆ ಬಗೆಯ ದಿನ ತೋಚಿರಲಿಲ್ಲ. ನನಗೂ ಹೊಳೆಯಲಿಲ್ಲ.

ಅಕ್ಟೋಬರ್‌ನಲ್ಲಿ ಅವಳು ತೀರಿಕೊಂಡಳು. ಮಾತಾಡಿಸಲು ಬಂದವರೆಲ್ಲ, ಹೋಗಿ ಬನ್ನಿ, ಮನಸ್ಸು ಹಗುರಾಗುತ್ತದೆ ಎಂದರು. ಅವರ ಬಾಯಿ ಮುಚ್ಚಿಸಲು ಹೊರಟೆ.

ಪಟ್ಟಿ ನೋಡಿ ಮಗಳು, “ಅಪ್ಪಾ, ಇಲ್ಲಿ ನಾಲ್ಕಕ್ಕೇ ಕತ್ತಲಾಗತ್ತೆ. ಎಲ್ಲಾ ಕ್ಲೋಸ್ ಆಗತ್ತೆ ಲಾ. ಮಧ್ಯಾಹ್ನಾನೇ ನೋಡ್ಬೇಕು,” ಎಂದಳು. ಮಲೇಷ್ಯಾದವರು ಮಾತಿನ ಕೊನೆಗೆ ಸೇರಿಸುವ ಆ ‘ಲಾ’ ಅವಳ ನಾಲಿಗೆಯಿಂದ ಇನ್ನೂ ಹೋಗಿರಲಿಲ್ಲ.

“ನಿಮ್ಮಮ್ಮ ಬರ್ದಿರೋದು,” ಎಂದೆ. ಅವಳು ಪಟ್ಟಿ ಮಡಿಸಿ ನನ್ನ ಕೈಗೆ ಕೊಟ್ಟಳು.

ಮರುದಿನ ಅವಳು ಕಾಲೇಜಿಗೆ ಹೋದಳು. ನಾನು ಏಳಕ್ಕೇ ಹೊರಟು, ಬೀದಿಗಳನ್ನು ಸುತ್ತಿ, ಊರಿನ ದೊಡ್ಡ ಚರ್ಚಿನ ಬಾಗಿಲು ತಲುಪಿದಾಗ ಹನ್ನೆರಡಾಗಿತ್ತು. ಒಳಗೆ ಹೋಗಲಿಲ್ಲ. ರೂಮಿಗೆ ಮರಳಿ, ಪರದೆ ಎಳೆದು, ಮಂಚದಲ್ಲಿ ನನ್ನ ಬದಿಗೆ ಮಲಗಿದೆ. ನಿದ್ದೆ ಬರಲಿಲ್ಲ, ಅಳುವೂ ಬರಲಿಲ್ಲ. ನಾಲ್ಕಕ್ಕೆ ಎದ್ದಾಗ ಬೀದಿದೀಪ ಹತ್ತಿತ್ತು. ಪಟ್ಟಿಯಲ್ಲಿದ್ದಂತೆ ಷೂ ಹಾಕಿಕೊಂಡು ಚರ್ಚು ನೋಡಲು ಹೊರಟೆ.